ತಪ್ಪನ್ನು ನುಡಿಯುವ ಕೋಷ್ಟಕ

ಹಿಂದಿನ ಗುಮಾಸ್ತರು ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಿಯನ್ನು ತಿದ್ದಿದರೆ, ಅದನ್ನು ಅವಲಂಬಿಸಿದ ಮೊತ್ತಗಳನ್ನೆಲ್ಲ ಮತ್ತೆ ಕೂಡಬೇಕಾಗಿತ್ತು. ಈ ಶ್ರಮವನ್ನು ನೀಗಿಸಲು ಅಮೆರಿಕದ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರ್ಯಾಂಕ್‌ಸ್ಟನ್ ಎಂಬ ಗೆಳೆಯರು 1979ರಲ್ಲಿ 'ವಿಸಿಕ್ಯಾಲ್ಕ್' ಎಂಬ ಗಣಕ ಕೋಷ್ಟಕವನ್ನು ಹೊರತಂದರು. 1985ರಲ್ಲಿ ಬಂದ 'ಎಕ್ಸೆಲ್' ಅದೇ ಬಗೆಯದು. ಇಂದು ಅದು ಕಚೇರಿ, ಅಂಗಡಿ, ಶಾಲೆಗಳಲ್ಲೆಲ್ಲ ಬಳಕೆಯಲ್ಲಿದೆ.

ಕೋಷ್ಟಕದ ಒಂದೊಂದು ಮನೆಯನ್ನೂ ಕೋಶವೆನ್ನುತ್ತಾರೆ. ಕೋಶದಲ್ಲಿ ಅಂಕಿಯನ್ನಾಗಲಿ, ಬೇರೆ ಕೋಶಗಳ ಅಂಕಿಗಳಿಂದ ಉತ್ತರ ಪಡೆಯುವ ಸೂತ್ರವನ್ನಾಗಲಿ ಬರೆಯಬಹುದು. ಲೆಕ್ಕವು ಮುಂದೆ ಸಾಗದಿದ್ದಾಗ ಉತ್ತರದ ಸ್ಥಳದಲ್ಲಿ ಒಂದು ಸಂಕೇತ ಮೂಡುತ್ತದೆ. ಹೊಸಬರು ಅದನ್ನು ಕಂಡು ಗಾಬರಿಗೊಳ್ಳುವುದುಂಟು. ಆದರೆ ಪ್ರತಿಯೊಂದು ಸಂಕೇತಕ್ಕೂ ನಿಶ್ಚಿತವಾದ ಅರ್ಥವಿದೆ.

'ಡಿವ್' ಎಂಬುದರೊಡನೆ ಸೊನ್ನೆ ಕಂಡರೆ, ಸೊನ್ನೆಯಿಂದ ಭಾಗಿಸುವ ಪ್ರಯತ್ನ ನಡೆದಿದೆಯೆಂದು ತಿಳಿಯಬೇಕು. ತರಗತಿಯ ಸರಾಸರಿ ಅಂಕವನ್ನು ಕಂಡುಹಿಡಿಯುವಾಗ ವಿದ್ಯಾರ್ಥಿಗಳ ಸಂಖ್ಯೆಯಿರಬೇಕಾದ ಕೋಶ ಬರಿದಾಗಿದ್ದರೆ ಹೀಗಾಗುತ್ತದೆ. 'ವ್ಯಾಲ್ಯೂ' ಎಂದರೆ ಅಂಕಿಯಿರಬೇಕಾದಲ್ಲಿ ಅಕ್ಷರವಿದೆಯೆಂದು ಅರ್ಥ. 'ಗೈರುಹಾಜರಿ' ಎಂಬ ಪದಕ್ಕೆ ನಲವತ್ತನ್ನು ಕೂಡಲಾಗದಷ್ಟೆ. 'ನೇಮ್' ಎಂಬುದು ಸೂತ್ರದಲ್ಲಿನ ಹೆಸರಿನ ಕಾಗುಣಿತ ತಪ್ಪಿರಬಹುದೆಂದು ಸೂಚಿಸುತ್ತದೆ. 'ರೆಫ್' ಎಂದರೆ ಸೂತ್ರವು ನೆಚ್ಚಿದ್ದ ಸಾಲನ್ನೋ ಕೋಶವನ್ನೋ ಯಾರೋ ಕಿತ್ತುಹಾಕಿದ್ದಾರೆ. ಕೋಶದ ತುಂಬ ಜಾಲರಿಯಂಥ ಗುರುತುಗಳು ಮಾತ್ರ ಕಂಡರೆ, ಅನೇಕ ವೇಳೆ ಅದು ತಪ್ಪೇ ಅಲ್ಲ. ಕಂಬಸಾಲು ಕಿರಿದಾಗಿದೆ, ಅಗಲಿಸಿದರೆ ಅಂಕಿ ಕಾಣುತ್ತದೆ.

ಕೆಲವೊಮ್ಮೆ ತಂತ್ರಾಂಶವೇ ಸ್ತಬ್ಧವಾಗಿ ಮುಚ್ಚಿಹೋಗುತ್ತದೆ. ಆಗ ಬೇರೊಂದು ಕಡತವನ್ನು ತೆರೆದು ನೋಡಬೇಕು. ಅದು ಸರಿಯಾಗಿ ತೆರೆದುಕೊಂಡರೆ ದೋಷವು ಮೊದಲಿನ ಕಡತದಲ್ಲಿಯೇ ಇರುವ ಸಂಭವ ಹೆಚ್ಚು. ಎಲ್ಲ ಕಡತಗಳಿಗೂ ಅದೇ ಗತಿಯಾದರೆ, ತಂತ್ರಾಂಶಕ್ಕೆ ಹೊರಗಿನಿಂದ ಸೇರಿಸಿದ ಉಪಕರಣಗಳನ್ನು ಒಂದೊಂದಾಗಿ ನಿಲ್ಲಿಸಿ ಪರೀಕ್ಷಿಸಬೇಕು. ನಾಡಿ ಹಿಡಿದು ನೋಡುವ ವೈದ್ಯನ ತಾಳ್ಮೆ ಇಲ್ಲಿ ಬೇಕು. ಕೆಲಸವನ್ನು ಆಗಾಗ ಉಳಿಸಿ, ಇನ್ನೊಂದು ಪ್ರತಿಯನ್ನು ಬೇರೆಡೆ ಇಟ್ಟವನಿಗೆ ನಷ್ಟ ಕಡಿಮೆ.

ತನ್ನನ್ನು ಸಾರಿಕೊಳ್ಳುವ ತಪ್ಪಿಗಿಂತ ಮೌನವಾಗಿರುವ ತಪ್ಪು ಹೆಚ್ಚು ಅಪಾಯಕಾರಿ. 2020ರಲ್ಲಿ ಇಂಗ್ಲೆಂಡಿನ ಆರೋಗ್ಯಾಧಿಕಾರಿಗಳು ಕೋವಿಡ್ ಸೋಂಕಿತರ ವಿವರಗಳನ್ನು ಹಳೆಯ ಮಾದರಿಯ ಎಕ್ಸೆಲ್ ಕಡತಗಳಿಗೆ ತುಂಬಿಸುತ್ತಿದ್ದರು. ಅಂಥ ಹಾಳೆಯೊಂದು 65,536 ಸಾಲುಗಳಿಗಿಂತ ಹೆಚ್ಚನ್ನು ಹಿಡಿಸದು. ಮಿಕ್ಕವು ಯಾರ ಗಮನಕ್ಕೂ ಬಾರದೆ ಹೊರಗುಳಿದವು. ಹೀಗೆ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿತರು ದೈನಿಕ ಲೆಕ್ಕದಿಂದ ಬಿಟ್ಟುಹೋದರು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಕಾರ್ಯ ತಡವಾಯಿತು. ಲೆಕ್ಕದಲ್ಲಿ ಕಾಣೆಯಾದ ಒಂದೊಂದು ಸಾಲಿನ ಹಿಂದೆಯೂ ಒಬ್ಬ ಮನುಷ್ಯನಿದ್ದನು.

ಆದುದರಿಂದ ದೋಷಸೂಚನೆಯು ಕಂಡೊಡನೆ ಅದನ್ನು ಅಳಿಸಲು ಆತುರಪಡಬಾರದು, ಓದಬೇಕು. ಸೂಚನೆಯಿಲ್ಲದಾಗಲೂ ಬಂದ ಉತ್ತರವನ್ನು ಒಮ್ಮೆ ತಾಳೆ ನೋಡಬೇಕು. ಎಣಿಸುವ ಕೆಲಸ ಯಂತ್ರದ್ದು. ಎಣಿಕೆ ಸರಿಯೇ ಎಂದು ವಿಚಾರಿಸುವ ಹೊಣೆ ಮನುಷ್ಯನದು.