ಜೆಲ್ ಉಗುರಿಗೆ ಹಾನಿ: ದುರಸ್ತಿಯೋ, ಬದಲಾವಣೆಯೋ?

ಜೆಲ್ ಉಗುರಿನ ಅಳವಡಿಕೆಯು ಸೌಂದರ್ಯ ಸೇವಾ ಕ್ಷೇತ್ರದಲ್ಲಿ ಇಂದು ಮಹಾನಗರಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಅಳವಡಿಸಿದ ಉಗುರು ಬಿರುಕು ಬಿಟ್ಟು ಅಥವಾ ಬುಡದಲ್ಲಿ ಎದ್ದು ಗ್ರಾಹಕರು ಮರಳಿ ಬಂದಾಗ ಸಂಸ್ಥೆಯ ವಿಶ್ವಾಸಾರ್ಹತೆಯು ಪರೀಕ್ಷೆಗೆ ಒಳಗಾಗುತ್ತದೆ. ಎದ್ದ ಜೆಲ್‌ನ ಮೇಲೆ ಇನ್ನೊಂದು ಪದರ ಬಳಿದು ಕಳುಹಿಸುವುದು ಸುಲಭ. ಆದರೆ ಅದರಿಂದ ದೋಷವು ಮರೆಯಾಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ. ಹಾನಿಯ ಕಾರಣವನ್ನು ಮೊದಲು ಗುರುತಿಸಿ, ಬಳಿಕ ಕ್ರಮವನ್ನು ನಿರ್ಧರಿಸುವುದೇ ಲಾಭಕರ.

ಕಾರಣವನ್ನು ಗುರುತಿಸುವ ಬಗೆ

ಹಲವು ಉಗುರುಗಳು ಕೆಲವೇ ದಿನಗಳಲ್ಲಿ ಬುಡದಿಂದ ಎದ್ದಿದ್ದರೆ ಪೂರ್ವಸಿದ್ಧತೆಯಲ್ಲಿ ಲೋಪವಾಗಿರುವ ಸಂಭವ ಹೆಚ್ಚು. ಉಗುರಿನ ಮೇಲೆ ಎಣ್ಣೆಯಂಶ ಉಳಿದಿರುವುದು, ಜೆಲ್ ಚರ್ಮಕ್ಕೆ ತಾಗಿರುವುದು ಇದಕ್ಕೆ ಸಾಮಾನ್ಯ ಕಾರಣಗಳು. ಒಂದೇ ಉಗುರು ಮುರಿದಿದ್ದರೆ ಬಹುತೇಕ ಪೆಟ್ಟು ಬಿದ್ದಿರುತ್ತದೆ. ಮೂರು ನಾಲ್ಕು ವಾರಗಳ ನಂತರ ನಡುಭಾಗದಲ್ಲಿ ಮುರಿದಿದ್ದರೆ ಕಾರಣ ಬೇರೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುವುದರಿಂದ ಜೆಲ್‌ನ ದಪ್ಪ ಭಾಗವು ಮುಂದಕ್ಕೆ ಸರಿದು, ಒತ್ತಡ ಬೀಳುವ ಸ್ಥಳವು ದುರ್ಬಲವಾಗುತ್ತದೆ. ಎರಡು ಮೂರು ವಾರಗಳಿಗೊಮ್ಮೆ ಮರುಭರ್ತಿ ಅಗತ್ಯವೆನ್ನುವುದು ಈ ಕಾರಣದಿಂದಲೇ.

ನಿರ್ಧಾರ

ತುದಿ ಮಾತ್ರ ಸೀಳಿದ್ದರೆ ಅಥವಾ ಬುಡದಲ್ಲಿ ಅಲ್ಪಭಾಗ ಎದ್ದಿದ್ದರೆ ದುರಸ್ತಿ ಸಾಕು. ಬಿರುಕು ಉಗುರಿನ ಗುಲಾಬಿ ಭಾಗವನ್ನು ತಲುಪಿದ್ದರೆ ಅಥವಾ ಜೆಲ್ ಅರ್ಧದಷ್ಟು ಬಿಟ್ಟುಕೊಂಡಿದ್ದರೆ ಪೂರ್ಣ ತೆಗೆದು ಹೊಸದಾಗಿ ಹಾಕುವುದು ಲೇಸು. ನೋವು, ರಕ್ತ, ಊತ ಅಥವಾ ಹಸಿರು ಬಣ್ಣ ಕಂಡುಬಂದಲ್ಲಿ ಎರಡನ್ನೂ ಮಾಡತಕ್ಕದ್ದಲ್ಲ. ಎದ್ದ ಜೆಲ್‌ನ ಅಡಿ ತೇವ ನಿಂತಾಗ ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರಾಗಬಹುದು. ಅಂತಹ ಗ್ರಾಹಕರನ್ನು ಚರ್ಮವೈದ್ಯರ ಬಳಿಗೆ ಕಳುಹಿಸುವುದೇ ಸರಿಯಾದ ಮಾರ್ಗ.

ಕೆಲಸದ ಕ್ರಮ

ಎದ್ದ ಜೆಲ್ಲನ್ನು ಕೀಳಬಾರದು. ಕಿತ್ತರೆ ನೈಸರ್ಗಿಕ ಉಗುರಿನ ಪದರವೂ ಜೊತೆಗೆ ಬರುತ್ತದೆ. ಅಂಟು ಹಾಕಿ ಒತ್ತಿ ಕೂರಿಸುವುದೂ ತರವಲ್ಲ. ಸಡಿಲ ಭಾಗವನ್ನು ಅರದಿಂದ ಉಜ್ಜಿ, ಗಟ್ಟಿಯಾಗಿ ಕಚ್ಚಿಕೊಂಡಿರುವ ಜೆಲ್‌ನೊಡನೆ ಅಂಚನ್ನು ಸಮಗೊಳಿಸಬೇಕು. ಬಳಿಕ ಧೂಳು ಮತ್ತು ಎಣ್ಣೆಯಂಶ ತೆಗೆದು, ತೆಳುವಾದ ತಳಪದರ ಹಚ್ಚಿ ದೀಪದಡಿ ಗಟ್ಟಿಗೊಳಿಸಿ, ಒತ್ತಡದ ಸ್ಥಳದಲ್ಲಿ ಜೆಲ್ಲನ್ನು ದಪ್ಪವಾಗಿ ಕಟ್ಟಿ, ತುದಿಯನ್ನು ಮುಚ್ಚಬೇಕು.

ಪೂರ್ಣ ತೆಗೆಯುವಾಗ ಜೆಲ್‌ನ ಜಾತಿಯನ್ನು ತಿಳಿದಿರಬೇಕು. ಕರಗುವ ಜೆಲ್ ಅಸಿಟೋನ್‌ನಲ್ಲಿ ಸುಮಾರು 10ರಿಂದ 15 ನಿಮಿಷಗಳಲ್ಲಿ ಮೆದುವಾಗುತ್ತದೆ. ಗಡಸು ಜೆಲ್ ಅಸಿಟೋನ್‌ಗೆ ಕರಗದು. ಅದನ್ನು ಅರದಿಂದಲೇ ತೆಗೆಯಬೇಕು.

ದೀಪದ ವಿಷಯದಲ್ಲಿ ಉದಾಸೀನ ಸಲ್ಲದು. ಜೆಲ್‌ಗೂ ದೀಪಕ್ಕೂ ಹೊಂದಿಕೆಯಾಗದಿದ್ದರೆ ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಹಸಿಯಾಗಿ ಉಳಿಯಬಹುದು. ಅರೆಗಟ್ಟಿಯಾದ ಜೆಲ್ ಬೇಗ ಏಳುವುದಲ್ಲದೆ, ಅದರಲ್ಲಿನ ಅಕ್ರಿಲೇಟ್ ಅಂಶವು ಚರ್ಮಕ್ಕೆ ತಾಗಿ ಅಲರ್ಜಿಗೆ ಕಾರಣವಾಗಬಲ್ಲದು. ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಗ್ರಾಹಕರಷ್ಟೇ ಅಲ್ಲ, ದಿನವಿಡೀ ಇದೇ ಕೆಲಸ ಮಾಡುವ ನೌಕರರೂ ಇದಕ್ಕೆ ತುತ್ತಾಗುತ್ತಾರೆ. ಜೆಲ್ ಮಾರುವ ವರ್ತಕರು ಹೊಂದುವ ದೀಪ ಯಾವುದು, ಗಟ್ಟಿಗೊಳಿಸುವ ಅವಧಿ ಎಷ್ಟು ಎಂಬ ವಿವರವನ್ನು ಕನ್ನಡದಲ್ಲಿ ಮುದ್ರಿಸಿ ಸರಕಿನೊಂದಿಗೆ ನೀಡಿದರೆ ದೂರುಗಳು ತಗ್ಗುವುವು.

ವೆಚ್ಚ ಮತ್ತು ಹೊಣೆ

2025ರ ಸೆಪ್ಟೆಂಬರ್ 22ರಿಂದ ಸಲೂನ್ ಸೇವೆಗಳ ಮೇಲಿನ ಜಿ.ಎಸ್.ಟಿ. ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಆದರೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಹೀಗಾಗಿ ಖರೀದಿಸಿದ ಜೆಲ್‌ನ ಮೇಲೆ ತೆತ್ತ ತೆರಿಗೆಯೂ ವೆಚ್ಚಕ್ಕೆ ಸೇರುತ್ತದೆ. ಉಚಿತವಾಗಿ ಮಾಡುವ ಪ್ರತಿ ಮರುಕೆಲಸವೂ ನೇರ ನಷ್ಟವೇ. ಇನ್ನೊಂದೆಡೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಸೇವಾ ನ್ಯೂನತೆಗೆ ಪರಿಹಾರ ಕೋರುವ ಹಕ್ಕು ಗ್ರಾಹಕರಿಗಿದೆ.

ಆದ್ದರಿಂದ ಎಷ್ಟು ದಿನಗಳೊಳಗೆ ಯಾವ ಬಗೆಯ ಹಾನಿಗೆ ಉಚಿತ ದುರಸ್ತಿ, ಯಾವುದಕ್ಕೆ ಶುಲ್ಕ ಎಂಬುದನ್ನು ಮೊದಲೇ ಬರಹದಲ್ಲಿ ತಿಳಿಸುವುದು ಉಚಿತ. ಪ್ರತಿ ಗ್ರಾಹಕರಿಗೂ ಒಂದು ಚೀಟಿ ಇರಿಸಿ, ದಿನಾಂಕ, ಬಳಸಿದ ಜೆಲ್‌ನ ತಂಡ ಸಂಖ್ಯೆ, ಹಾನಿಯಾದ ಬೆರಳು ಹಾಗೂ ಕಾರಣವನ್ನು ದಾಖಲಿಸಬೇಕು. ಕೆಲವು ತಿಂಗಳ ಚೀಟಿಗಳನ್ನು ಒಟ್ಟಿಗೆ ನೋಡಿದರೆ ದೋಷವಿರುವುದು ಸರಕಿನಲ್ಲೋ, ದೀಪದಲ್ಲೋ, ಕೈಕೆಲಸದಲ್ಲೋ ಎಂಬುದು ಸ್ಪಷ್ಟವಾಗುತ್ತದೆ.