ಟ್ಯಾಕ್ಸ್ ಫ್ರೀ ಬೋರ್ಡಿನ ಹಿಂದೆ ಯಾರ ಜೇಬು?

‘ತೆರಿಗೆ ವಿನಾಯಿತಿ ಪಡೆದ ಚಿತ್ರ!’

ಪೋಸ್ಟರಿನ ಮೇಲೆ ಈ ಚೀಟಿ ಅಂಟಿತು ಅಂದ್ರೆ ಸಾಕು, ನಮ್ಮ ಹುಡುಗರಿಗೆ ಅರ್ಧ ಹಬ್ಬ. ಸರ್ಕಾರವೇ ಮೆಚ್ಚಿದ ಚಿತ್ರ, ಟಿಕೆಟ್ಟೂ ಅಗ್ಗ, ಇನ್ನೇನು ಬೇಕು ಅಂತ ಕ್ಯೂ ನಿಲ್ತೀವಿ. ಆದರೆ ಓದುಗ ಮಿತ್ರರೇ, ಎಂದಾದರೂ ಪಕ್ಕದ ಟಾಕೀಸಿನ ಕಡೆ ತಿರುಗಿ ನೋಡಿದ್ದೀರಾ? ಅಲ್ಲಿಯೂ ಒಂದು ಚಿತ್ರ ಓಡ್ತಾ ಇದೆ. ಅದರ ನಿರ್ಮಾಪಕನೂ ಬಡ್ಡಿಗೆ ಸಾಲ ತಂದವನೇ. ಅವನಿಗೆ ಮಾತ್ರ ವಿನಾಯಿತಿ ಇಲ್ಲ. ಒಂದೇ ಓಟದಲ್ಲಿ ಒಬ್ಬನಿಗೆ ಸೈಕಲ್ ಕೊಟ್ಟು, ಇನ್ನೊಬ್ಬನಿಗೆ ಬರಿಗಾಲಲ್ಲಿ ಓಡು ಅಂದ ಹಾಗಾಯ್ತಲ್ಲ! ಇದು ನ್ಯಾಯವೇ?

ನಾನು ಪಿಯುಸಿಗೆ ಅರ್ಧದಲ್ಲೇ ಕೈಮುಗಿದು ಗಾಂಧಿನಗರದ ಬೀದಿ ಸುತ್ತೋಕೆ ಹೊರಟವನು. ಅರ್ಥಶಾಸ್ತ್ರದ ಪಂಡಿತನಲ್ಲ. ಆದರೆ ಟಿಕೆಟ್ ಕೌಂಟರಿನ ಲೆಕ್ಕ ತಿಳಿಯೋಕೆ ಡಿಗ್ರಿ ಬೇಕಾಗಿಲ್ಲ. ಬನ್ನಿ, ಒಟ್ಟಿಗೇ ಲೆಕ್ಕ ಹಾಕೋಣ.

ಮೂವತ್ತು ರೂಪಾಯಿ ಎಲ್ಲಿ ಹೋಯ್ತು?

ನಮ್ಮಲ್ಲಿ ಮನರಂಜನಾ ತೆರಿಗೆಯ ಕಾಯ್ದೆ ಬಂದದ್ದು 1958ರಲ್ಲಿ, ಇನ್ನೂ ಮೈಸೂರು ರಾಜ್ಯ ಅಂತ ಕರೆಸಿಕೊಳ್ತಿದ್ದ ಕಾಲ. ಕಾಲಕಾಲಕ್ಕೆ ದರ ಏರಿತು, ಇಳಿಯಿತು. 2017ರಲ್ಲಿ ಜಿಎಸ್‌ಟಿ ಬರುವ ಹೊತ್ತಿಗೆ ಪರಭಾಷಾ ಚಿತ್ರಕ್ಕೆ ಶೇಕಡ 30 ತೆರಿಗೆ, ಕನ್ನಡ ಚಿತ್ರಕ್ಕೆ ಸೊನ್ನೆ.

ಈಗ ಗಮನಿಸಿ. ಟಿಕೆಟ್ಟಿನ ಮೂಲ ಬೆಲೆ 100 ರೂಪಾಯಿ ಅಂತ ಇಟ್ಟುಕೊಳ್ಳಿ. ಪರಭಾಷಾ ಚಿತ್ರದ ಟಿಕೆಟ್ 130 ಆಗ್ತದೆ. ಕನ್ನಡ ಚಿತ್ರದ ಟಿಕೆಟ್ಟನ್ನು 100ಕ್ಕೇ ಕೊಟ್ಟರೆ ಆ 30 ರೂಪಾಯಿ ನಿಮ್ಮ ಜೇಬಿನಲ್ಲಿ ಉಳೀತು. ಅದೇ ಟಿಕೆಟ್ಟನ್ನು 130ಕ್ಕೇ ಮಾರಿದರೆ? ಆ 30 ರೂಪಾಯಿಯನ್ನು ನಿರ್ಮಾಪಕರು, ಹಂಚಿಕೆದಾರರು, ಚಿತ್ರಮಂದಿರದವರು ತಮ್ಮ ತಮ್ಮ ಕರಾರಿನಂತೆ ಹಂಚಿಕೊಳ್ತಾರೆ. ಬೋರ್ಡು ಒಂದೇ, ಫಲ ಎರಡು! ವಿನಾಯಿತಿ ಕೊಡೋದು ಸರ್ಕಾರ. ಅದು ಪ್ರೇಕ್ಷಕನಿಗೆ ಮುಟ್ಟುತ್ತೋ ಇಲ್ಲವೋ ಅನ್ನೋದನ್ನು ತೀರ್ಮಾನ ಮಾಡೋದು ಕೌಂಟರಿನ ಒಳಗಿರೋರು.

ಕನ್ನಡಕ್ಕೆ ಊರುಗೋಲು

ಹಾಗಂತ ಕನ್ನಡಕ್ಕೆ ಕೊಟ್ಟ ವಿನಾಯಿತಿ ತಪ್ಪು ಅಂತೀರಾ ಅಂತ ನನ್ನ ಮೇಲೆ ತೋಳೇರಿಸಬೇಡಿ. ನಮ್ಮ ಚಿತ್ರರಂಗದ ಹಳೇ ಕಥೆ ಗೊತ್ತಿದ್ದವರು ಹಾಗೆ ಹೇಳೋದಿಲ್ಲ. ಒಂದು ಕಾಲಕ್ಕೆ ಕನ್ನಡ ಚಿತ್ರ ಅಂದರೆ ಮದರಾಸಿನ ಫ್ಲೋರು, ಮದರಾಸಿನ ಲ್ಯಾಬು, ಮದರಾಸಿನ ಊಟ. ಇಲ್ಲಿ ತಯಾರಾಗುವ ಚಿತ್ರಗಳಿಗೆ ಸರ್ಕಾರ ಅರವತ್ತರ ದಶಕದಲ್ಲಿ ಸಹಾಯಧನ ಶುರು ಮಾಡಿತು. 1966ರಲ್ಲಿ ಶ್ರೀ ಕಂಠೀರವ ಸ್ಟುಡಿಯೋ ಸಂಸ್ಥೆ ಹುಟ್ಟಿತು. ನಿಧಾನವಾಗಿ ಚಿತ್ರೀಕರಣ ಮನೆಗೆ ಬಂತು. ಹಣದ ಥೈಲಿ ಇಲ್ಲದ ಹೊಸಬರಿಗೂ ಕ್ಯಾಮೆರಾ ಹಿಡಿಯುವ ಧೈರ್ಯ ಬಂತು.

ಎದುರಾಳಿಗಳಾದರೂ ಎಂಥವರು? ಒಂದು ಕಡೆ ಹಿಂದಿಯ ದೈತ್ಯ ಮಾರುಕಟ್ಟೆ, ಇನ್ನೊಂದು ಕಡೆ ತೆಲುಗು, ತಮಿಳು, ಮಲಯಾಳಂ. ಅವರ ಚಿತ್ರಗಳು ನಮ್ಮ ಬೆಂಗಳೂರಿನಲ್ಲೂ ಹೌಸ್‌ಫುಲ್. ನಮ್ಮ ಚಿತ್ರಕ್ಕೆ ಹೊಸೂರು ದಾಟಿದರೆ ಟಾಕೀಸು ಸಿಗೋದೇ ಕಷ್ಟ ಅನ್ನೋ ಸ್ಥಿತಿ ಬಹಳ ವರ್ಷ ಇತ್ತು. ಪೈಪೋಟಿ ಮೊದಲೇ ಸಮನಾಗಿರಲಿಲ್ಲ. ಬಡವನ ಮಗನಿಗೆ ಫೀಸು ಮಾಫಿ ಮಾಡಿದರೆ ಶ್ರೀಮಂತನ ಮಗನಿಗೆ ಅನ್ಯಾಯ ಆಯ್ತು ಅಂತ ಯಾರೂ ಅನ್ನೋದಿಲ್ಲ.

ಆದರೆ ಊರುಗೋಲನ್ನು ನಡೆಯೋಕೆ ಕೊಡ್ತಾರೆಯೇ ಹೊರತು ಜೀವಮಾನವಿಡೀ ಒರಗಿ ನಿಲ್ಲೋಕಲ್ಲ. ಸಬ್ಸಿಡಿಗಾಗಿಯೇ ಸುತ್ತಿದ ರೀಲು ಅನ್ನೋ ಮಾತು ಗಾಂಧಿನಗರದಲ್ಲಿ ಸುಮ್ಮನೆ ಹುಟ್ಟಿದ್ದಲ್ಲ!

ಕೋರ್ಟು ಏನಂತು?

ಪಕ್ಕದ ಆಂಧ್ರದಲ್ಲೂ ಇದೇ ಪದ್ಧತಿ ಇತ್ತು. ತೆಲುಗು ಚಿತ್ರಕ್ಕೆ ಶೇಕಡ 10 ತೆರಿಗೆ, ಮಿಕ್ಕ ಭಾಷೆಗೆ ಶೇಕಡ 24. ಆಶೀರ್ವಾದ್ ಫಿಲ್ಮ್ಸ್ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. 2007ರ ಮೇ ತಿಂಗಳಲ್ಲಿ ತೀರ್ಪು ಬಂತು. ಬರೀ ಭಾಷೆಯನ್ನು ನೋಡಿ ಹೀಗೆ ಭೇದ ಮಾಡೋದು ಸಂವಿಧಾನದ 14ನೇ ವಿಧಿಯ ಸಮಾನತೆಗೆ ಒಪ್ಪೋದಿಲ್ಲ ಅಂತ ಕೋರ್ಟು ಹೇಳಿತು. ಸರ್ಕಾರ ರಿಯಾಯಿತಿ ಕೊಡಬಾರದು ಅಂತಲ್ಲ, ಕೊಡೋದಕ್ಕೆ ತಕ್ಕ ಕಾರಣ ಇರಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗ್ತದೆ.

ತಮಿಳುನಾಡಿನ ಕಥೆ ಇನ್ನೂ ಸ್ವಾರಸ್ಯ. 2006ರಲ್ಲಿ ಕರುಣಾನಿಧಿಯವರ ಸರ್ಕಾರ ತಮಿಳು ಹೆಸರಿಟ್ಟ ಚಿತ್ರಕ್ಕೆ ಮನರಂಜನಾ ತೆರಿಗೆ ಇಲ್ಲ ಅಂತ ಸಾರಿತು. ತಗೊಳ್ಳಿ, ಮರುದಿನದಿಂದಲೇ ನಾಮಕರಣದ ಸಂಭ್ರಮ! ಸೂರ್ಯ ನಟಿಸಿದ ‘ಜಿಲ್ಲುನು ಒರು ಕಾದಲ್’ ಹೋಗಿ ‘ಸಿಲ್ಲುನು ಒರು ಕಾದಲ್’ ಆಯ್ತು. ಶಂಕರ್ ‘ರೋಬೋ’ ಅಂತ ಶುರು ಮಾಡಿದ ರಜನಿ ಚಿತ್ರ 2010ರಲ್ಲಿ ‘ಎಂದಿರನ್’ ಆಗಿ ತೆರೆಗೆ ಬಂತು. ಅಕ್ಷರ ಬದಲಾದರೆ ಕೋಟಿಗಟ್ಟಲೆ ಉಳಿತಾಯ. ಭಾಷೆಗೆ ಗೌರವ ಸಿಕ್ಕಿತು ಅನ್ನೋಣ. ಆದರೆ ಅಂಥ ಭಾರಿ ಬಜೆಟ್ಟಿನ ಚಿತ್ರಕ್ಕೆ ಸರ್ಕಾರದ ಕೈ ಆಸರೆ ಬೇಕಿತ್ತೇ? ಹೆಚ್ಚು ಟಿಕೆಟ್ ಮಾರುವವನಿಗೇ ಹೆಚ್ಚು ವಿನಾಯಿತಿ ಸಿಗ್ತದೆ. ಮೂರು ದಿನಕ್ಕೇ ಎತ್ತಂಗಡಿಯಾಗುವ ಚಿಕ್ಕ ಚಿತ್ರಕ್ಕೆ ಸಿಕ್ಕಿದ್ದು ಬರೀ ಚಿಲ್ಲರೆ.

ಮಾಲ್‌ಗೆ ಮಾಫಿ, ಟಾಕೀಸಿಗೆ ಪೂರ್ತಿ

ನನಗೆ ನಿಜವಾಗಿ ಹೊಟ್ಟೆ ಉರಿಸಿದ್ದು ಇದು. ನಮ್ಮ ದೇಶದ ಮೊದಲ ಮಲ್ಟಿಪ್ಲೆಕ್ಸ್ 1997ರಲ್ಲಿ ದೆಹಲಿಯ ಸಾಕೇತ್‌ನಲ್ಲಿ ತೆರೆಯಿತು, ಪಿವಿಆರ್ ಅನುಪಮ್. ಇಂಥವು ಇನ್ನಷ್ಟು ಬರಲಿ ಅಂತ ಹಲವು ರಾಜ್ಯಗಳು ಆಮಿಷ ಒಡ್ಡಿದವು. ಮಹಾರಾಷ್ಟ್ರದ ಯೋಜನೆ ನೋಡಿ: ಹೊಸ ಮಲ್ಟಿಪ್ಲೆಕ್ಸಿಗೆ ಮೊದಲ ಮೂರು ವರ್ಷ ಮನರಂಜನಾ ತೆರಿಗೆ ಪೂರ್ತಿ ಮಾಫಿ, ಆಮೇಲಿನ ಎರಡು ವರ್ಷ ಕಾಲು ಭಾಗ ಕಟ್ಟಿದರೆ ಸಾಕು. ಅದೇ ರಸ್ತೆಯ ಹಳೇ ಟಾಕೀಸು? ಪೂರ್ತಿ ಕಟ್ಟಬೇಕು!

ಕಥೆ ಇಲ್ಲಿಗೇ ಮುಗಿಯಲಿಲ್ಲ. ಹೀಗೆ ಉಳಿದ ಹಣ ಮಾಲೀಕರ ಆದಾಯವೇ, ಅದರ ಮೇಲೆ ಆದಾಯ ತೆರಿಗೆ ಹಾಕಬಹುದೇ ಅನ್ನೋ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯ್ತು. ಪುಣೆಯ ಚಾಫಳ್ಕರ್ ಬ್ರದರ್ಸ್ ಪ್ರಕರಣ ಅಂತ ಅದಕ್ಕೆ ಹೆಸರು. ಮಲ್ಟಿಪ್ಲೆಕ್ಸ್ ಕಟ್ಟಿಸಲೆಂದೇ ಕೊಟ್ಟ ನೆರವು ಇದು, ಬಂಡವಾಳಕ್ಕೆ ಸಮ, ಆದಾಯವಲ್ಲ ಅಂತ 2017ರ ಡಿಸೆಂಬರಿನಲ್ಲಿ ತೀರ್ಪಾಯಿತು. ಕಾನೂನಿನ ದೃಷ್ಟಿಯಲ್ಲಿ ಸರಿ. ಆದರೆ ಎದುರಿನ ಟಾಕೀಸಿನವನ ಪಾಡು ಯೋಚಿಸಿ. ಆ ಕಡೆಯವನಿಗೆ ಮಾಫಿ, ಮಾಫಿಯಾದ ಹಣಕ್ಕೂ ಮಾಫಿ!

ಸರ್ಕಾರದ ವಾದವೂ ಇದೆ, ಕೇಳೋಣ. ಮಲ್ಟಿಪ್ಲೆಕ್ಸ್ ಕಟ್ಟೋಕೆ ಬಂಡವಾಳ ಬಹಳ, ಲಾಭ ಕಾಣೋಕೆ ವರ್ಷಗಳು ಬೇಕು, ಆಸರೆ ಇಲ್ಲದೆ ಯಾರೂ ಕೈ ಹಾಕೋದಿಲ್ಲ. ಐದು ವರ್ಷದ ನಂತರ ಎಲ್ಲರೂ ಸಮ. ಒಪ್ಪಿದೆ. ಆದರೆ ಐದು ವರ್ಷ ಅಂದರೆ ಒಂದು ಟಾಕೀಸಿನ ಆಯುಸ್ಸು ಮುಗಿಯೋಕೆ ಸಾಕು. ಅಷ್ಟರಲ್ಲಿ ಪ್ರೇಕ್ಷಕನಿಗೆ ಮೆತ್ತನೆ ಸೀಟು, ಏಸಿ ಅಭ್ಯಾಸವಾಗಿರ್ತದೆ. ಹಳಬನಿಗೆ ಸೀಟು ಬದಲಿಸೋಕೂ ಕಾಸು ಉಳಿದಿರೋದಿಲ್ಲ. ಬೆಂಗಳೂರಿನಲ್ಲಿ 2017ರಲ್ಲಿ ಕಪಾಲಿ, 2024ರಲ್ಲಿ ಕಾವೇರಿ ಬಾಗಿಲು ಹಾಕಿದವು. ಇವಕ್ಕೆ ಮಹಾರಾಷ್ಟ್ರದ ತೆರಿಗೆ ಕಾರಣವಲ್ಲ. ಜಾಗದ ಬೆಲೆ, ಟಿವಿ, ಮೊಬೈಲು ಎಲ್ಲವೂ ಸೇರಿದೆ. ಆದರೆ ಬೀಳುವ ಹಂತದಲ್ಲಿರುವವನ ಎದುರಾಳಿಗೆ ಸರ್ಕಾರವೇ ಬಲ ತುಂಬಿದರೆ, ಬಿದ್ದದ್ದು ಬರೀ ಅವನ ಹಣೆಬರಹ ಅನ್ನೋ ಹಾಗಿಲ್ಲ. ಗೇಟ್ ಕೀಪರ್, ಆಪರೇಟರ್, ಸೈಕಲ್ ಸ್ಟ್ಯಾಂಡಿನವನು, ಇವರ ಅನ್ನದ ತಟ್ಟೆಯೂ ಅದರ ಜೊತೆಗೇ ಹೋಯ್ತು.

ಈಗಿನ ಆಟ

2017ರ ಜುಲೈ 1ರಂದು ಜಿಎಸ್‌ಟಿ ಬಂದು ಭಾಷೆಯ ಭೇದ ಅಳಿಸಿ ಹಾಕಿತು. ಕನ್ನಡಕ್ಕಿದ್ದ ಸೊನ್ನೆಯೂ ಹೋಯ್ತು. ಆದರೂ ‘ಟ್ಯಾಕ್ಸ್ ಫ್ರೀ’ ನಿಲ್ಲಲಿಲ್ಲ. ರಾಜ್ಯ ಸರ್ಕಾರ ತನ್ನ ಪಾಲನ್ನು ಬಿಟ್ಟುಕೊಡಬಹುದು. 2022ರಲ್ಲಿ ನಮ್ಮ ರಾಜ್ಯದಲ್ಲೇ ಹಿಂದಿಯ ‘ದಿ ಕಾಶ್ಮೀರ್ ಫೈಲ್ಸ್’, ನಮ್ಮ ‘777 ಚಾರ್ಲಿ’ ಎರಡಕ್ಕೂ ಈ ಭಾಗ್ಯ ಸಿಕ್ಕಿತು. ಟ್ಯಾಕ್ಸ್ ಫ್ರೀ ಅಂದರೆ ಪೂರ್ತಿ ಫ್ರೀ ಅಂತ ಮೋಸ ಹೋಗಬೇಡಿ! ಮೂಲ ಬೆಲೆ 200 ರೂಪಾಯಿ, ತೆರಿಗೆ ಶೇಕಡ 18 ಇದ್ದರೆ 36 ರೂಪಾಯಿ. ಅದರಲ್ಲಿ ರಾಜ್ಯದ ಪಾಲು 18. ಬಿಡೋದು ಅಷ್ಟೇ.

ಚಿತ್ರ ಚೆನ್ನಾಗಿತ್ತೋ ಇಲ್ಲವೋ ಅನ್ನೋದು ಬೇರೆ ಮಾತು. ನಾಯಿಯ ಪ್ರೀತಿ ನೋಡಿ ನಾನೂ ಕಣ್ಣೊರೆಸಿಕೊಂಡವನೇ. ಆದರೆ ಒಂದೊಂದು ಚಿತ್ರವನ್ನು ಆರಿಸಿ ಕೊಡುವ ವಿನಾಯಿತಿಗೆ ನಿಯಮ ಯಾವುದು? ಮಂತ್ರಿಗಳು ನೋಡಿ ಮೆಚ್ಚಿದ್ದೇ ನಿಯಮವೇ? ಅದೇ ವಾರ ತೆರೆಕಂಡ ಮಿಕ್ಕ ಚಿತ್ರಗಳವರು ಯಾರ ಮನೆ ಬಾಗಿಲು ಕಾಯಬೇಕು?

ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ಟಿಕೆಟ್ಟಿಗೆ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿಯಿತು. ಮೇಲಿನದ್ದಕ್ಕೆ ಶೇಕಡ 18 ಹಾಗೇ ಇತ್ತು. ಇದೂ ರಿಯಾಯಿತಿಯೇ. ಆದರೆ ಭಾಷೆ ಕೇಳೋದಿಲ್ಲ, ಮಾಲೋ ಟಾಕೀಸೋ ಕೇಳೋದಿಲ್ಲ. ಅಗ್ಗವಾಗಿ ತೋರಿಸ್ತೀಯಾ? ತಗೋ. ಇದನ್ನು ಯಾರು ಅನ್ಯಾಯ ಅಂದಾರು?

ಅದಕ್ಕೇ ನನ್ನ ತೀರ್ಮಾನ ಇಷ್ಟು: ರಿಯಾಯಿತಿ ಕೊಡೋದೇ ತಪ್ಪಲ್ಲ. ಕಾರಣ ಎಲ್ಲರಿಗೂ ಗೊತ್ತಿರಬೇಕು, ಷರತ್ತು ಪೂರೈಸಿದವರಿಗೆಲ್ಲ ಸಿಗಬೇಕು, ಮುಗಿಯುವ ದಿನ ಮೊದಲೇ ಬರೆದಿರಬೇಕು, ಟಿಕೆಟ್ಟಿನ ಮೇಲೆ ಅದು ಕಾಣಬೇಕು. ಹೊಸ ಮಲ್ಟಿಪ್ಲೆಕ್ಸ್ ಕಟ್ಟುವವನಿಗೆ ಕೊಟ್ಟರೆ, ಹಳೇ ಟಾಕೀಸಿಗೆ ಹೊಸ ಸೀಟು ಹಾಕಿಸುವವನಿಗೂ ಕೊಡಬೇಕು. ಕನ್ನಡಕ್ಕೆ ಕೊಟ್ಟರೆ, ಚಿತ್ರಮಂದಿರವೇ ಸಿಗದ ಚಿಕ್ಕ ಕನ್ನಡ ಚಿತ್ರಕ್ಕೆ ಮೊದಲು ಸಿಗಬೇಕು.

ಅಭಿಮಾನಿ ಬಂಧುಗಳೇ, ಹೀರೋ ಕಟೌಟಿಗೆ ಹಾರ ಹಾಕೋಕೆ ಹೋದಾಗ ಒಂದು ನಿಮಿಷ ಟಿಕೆಟ್ಟನ್ನೂ ತಿರುಗಿಸಿ ನೋಡಿ. ಬೆಲೆ ಎಷ್ಟು, ತೆರಿಗೆ ಎಷ್ಟು ಅಂತ ಅದರಲ್ಲೇ ಬರೆದಿರ್ತದೆ. ‘ಟ್ಯಾಕ್ಸ್ ಫ್ರೀ’ ಅಂದ ವಾರವೂ ಹಿಂದಿನ ವಾರದ ಬೆಲೆಯೇ ಇದ್ದರೆ ಕೌಂಟರಿನಲ್ಲಿ ಕೇಳಿ. ಕೇಳೋದು ನಿಮ್ಮ ಹಕ್ಕು. ಬಿಟ್ಟ ತೆರಿಗೆ ಸರ್ಕಾರದ್ದಲ್ಲ ಸ್ವಾಮೀ, ನಮ್ಮದು!