ನಡುಹಗಲಲ್ಲಿ ಗುರುದರ್ಶನ

ಪ್ರಶ್ನೆ: ಧ್ರುವ ಪ್ರದೇಶದಲ್ಲಿ ಚಳಿಗಾಲವಿಡೀ ಕತ್ತಲಂತೆ. ಹಾಗಾದರೆ ಅಲ್ಲಿ ಗ್ರಹಗಳು ಸದಾ ಕಾಣುತ್ತವೆಯೇ?

ಉತ್ತರ: ಕತ್ತಲಿದ್ದರಷ್ಟೇ ಸಾಲದು, ಗ್ರಹ ದಿಗಂತದ ಮೇಲಿರಬೇಕು. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿರುವ ಲಾಂಗಿಯರ್‌ಬಿಯೆನ್ ಊರನ್ನೇ ನೋಡಿ. 78 ಡಿಗ್ರಿ ಉತ್ತರ ಅಕ್ಷಾಂಶ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. 2026ರ ಜನವರಿಯಲ್ಲಿ ಗುರು ಮಿಥುನ ರಾಶಿಯಲ್ಲಿದ್ದ. ಅದು ಸೂರ್ಯಪಥದ ಉತ್ತರ ತುದಿ. ಹಾಗಾಗಿ ಅಲ್ಲಿ ಅವನು ಮುಳುಗಲೇ ಇಲ್ಲ! ನಡುರಾತ್ರಿ ದಕ್ಷಿಣದಲ್ಲಿ ಸುಮಾರು 34 ಡಿಗ್ರಿ ಎತ್ತರ, ನಡುಹಗಲಲ್ಲಿ ಉತ್ತರದಲ್ಲಿ 10 ಡಿಗ್ರಿ. ಮಧ್ಯಾಹ್ನದ ಊಟ ಮುಗಿಸಿ ಗುರುವನ್ನು ನೋಡಬಹುದಿತ್ತು, ಮೋಡವೂ ಸುತ್ತಲಿನ ಬೆಟ್ಟವೂ ಅಡ್ಡ ಬರದಿದ್ದರೆ.

ದಕ್ಷಿಣ ಧ್ರುವದ ಲೆಕ್ಕ ಇನ್ನೂ ಕಟ್ಟುನಿಟ್ಟು. ಆಕಾಶದ ದಕ್ಷಿಣಾರ್ಧದಲ್ಲಿರುವ ಗ್ರಹ ಗಾಣದ ಎತ್ತಿನಂತೆ ದಿಗಂತಕ್ಕೆ ಸಮಾನಾಂತರವಾಗಿ ಸುತ್ತುತ್ತಲೇ ಇರುತ್ತದೆ. ಉತ್ತರಾರ್ಧದಲ್ಲಿರುವುದು ತಲೆಯೆತ್ತುವುದೇ ಇಲ್ಲ. ಸೂರ್ಯನ ಸುತ್ತ ಶನಿಯ ಒಂದು ಸುತ್ತಿಗೆ ಸುಮಾರು 29 ವರ್ಷ; ಅದರಲ್ಲಿ ಅರ್ಧದಷ್ಟು ಕಾಲ ಅದು ಆಕಾಶದ ಉತ್ತರಾರ್ಧದಲ್ಲಿರುತ್ತದೆ. ಅಂದರೆ ಒಮ್ಮೆ ದಿಗಂತದ ಕೆಳಗಿಳಿದ ಶನಿ ಅಲ್ಲಿ ಮತ್ತೆ ಕಾಣಲು ಹದಿನೈದು ವರ್ಷಗಳಷ್ಟು ಕಾಯಬೇಕು.

ಗ್ರಹಗಳು ಮಿನುಗುವುದಿಲ್ಲ ಎಂಬ ನಮ್ಮ ಹಳೆಯ ಗುರುತನ್ನು ಧ್ರುವ ಪ್ರದೇಶದಲ್ಲಿ ಪೂರ್ತಿ ನಂಬಬೇಡಿ. ದಿಗಂತದ ಹತ್ತಿರ ದಟ್ಟ ಗಾಳಿಯ ಮೂಲಕ ನೋಡಿದಾಗ ಅವೂ ಮಿನುಗುತ್ತವೆ.